ಭಾವನ ಮೀಸೆಗೆ ಬಿದ್ದ ಪ್ಲಾಸ್ಟರ್

ಭಾವನ ಮೂತಿ ಮುಚ್ಚಿಸುತ್ತೇನೆಂದು ಕ್ಷೌರಿಕ ಪಣ ತೊಟ್ಟದ್ದು ಊಟದ ತಟ್ಟೆಯ ಮುಂದೆ. ಹೆಂಡತಿಯ ಅಣ್ಣ ಮಾಸ್ಕ್ ಹಾಕುತ್ತಿರಲಿಲ್ಲ. ಅವನ ಮನೆಯಲ್ಲೇ ಇದ್ದ ಅವಳ ತಾಯಿಗೆ ಉಬ್ಬಸ. ಕಾಯಿಲೆ ಬೀದಿಬೀದಿ ಹೊಕ್ಕಿರುವಾಗ ಅಣ್ಣ ಊರೆಲ್ಲ ಸುತ್ತಿ ಬಂದು ತಾಯಿಯ ಮಂಚದ ಪಕ್ಕವೇ ಕೂರುತ್ತಾನಲ್ಲ ಎಂದು ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

“ನನಗೆ ಬಿಡು. ಎಂಥೆಂಥಾ ತಲೆಗಳನ್ನ ಬಗ್ಗಿಸಿದ ಕೈ ಇದು,” ಎಂದ ಕ್ಷೌರಿಕ.

ಭಾವ ಮಾಸ್ಕ್ ಹಾಕದಿರಲು ಕಾರಣ ಅವನ ಮೀಸೆ. ಕೆನ್ನೆ ದಾಟಿ ಕಿವಿಯ ಕಡೆ ಪ್ರಯಾಣ ಹೊರಟಿದ್ದ ಆ ಮೀಸೆಯನ್ನು ಬಟ್ಟೆಯಡಿ ಬಚ್ಚಿಡುವುದು ಮನೆತನಕ್ಕೇ ಅವಮಾನವೆಂದು ಅವನು ನಂಬಿದ್ದ. ಆದರೆ ತಲೆಗೂದಲು ಮಾತು ಕೇಳಬೇಕಲ್ಲ, ಬೆಳೆಯಿತು. ಅಂಗಡಿಗೆ ಬಂದ ಭಾವನಿಗೆ, ಮಾಸ್ಕ್ ಇಲ್ಲದೆ ಕತ್ತರಿ ಎತ್ತುವುದಿಲ್ಲ ಎಂದು ಕ್ಷೌರಿಕ ಖಡಾಖಂಡಿತವಾಗಿ ಹೇಳಿದ. ಭಾವ ಗೊಣಗಿ, ಗುರಾಯಿಸಿ, ಕೊನೆಗೆ ಕಟಿಂಗ್ ಮುಗಿಯುವವರೆಗೆ ಮಾತ್ರ ಎಂದು ಒಪ್ಪಿದ.

ಕಿವಿಯ ಹಿಂದೆ ಕತ್ತರಿ ಆಡಿಸುವುದು ಕ್ಷೌರಿಕನಿಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಹಾಗೆಯೇ ಮಾಡಿದ. ಮಾಸ್ಕಿನ ದಾರ ಕಚಕ್ಕನೆ ತುಂಡಾಯಿತು. ಗಾಬರಿಯಲ್ಲಿ ಇನ್ನೊಂದು ಕಿವಿಯತ್ತ ಹೋದ. ಅಭ್ಯಾಸಬಲ, ಅಲ್ಲೂ ಸಮ ಮಾಡಿಬಿಟ್ಟ. ಮಾಸ್ಕ್ ಮಡಿಲಿಗೆ ಬಿತ್ತು. ಭಾವ ಸೀನಲು ಬಾಯಿ ತೆರೆದ. ಕ್ಷೌರಿಕ ಮಾಸ್ಕನ್ನು ಎತ್ತಿ ಒತ್ತಿ ಹಿಡಿದು, ಬ್ಲೇಡ್ ತಾಗಿದ ಗಾಯಕ್ಕೆಂದು ಇಟ್ಟಿದ್ದ ಪ್ಲಾಸ್ಟರನ್ನು ಎರಡೂ ಕೆನ್ನೆಗೆ ಉದ್ದುದ್ದ ಅಂಟಿಸಿದ. ಸೀನು ಒಳಗೇ ಸಿಡಿಯಿತು. ಲೋಕ ಉಳಿಯಿತು!

ಕಟಿಂಗ್ ಮುಗಿದ ಮೇಲೆ ಪ್ಲಾಸ್ಟರ್ ಕಿತ್ತಾಗ ಎಡಗಡೆಯ ಅರ್ಧ ಮೀಸೆಯೂ ಜೊತೆಗೇ ಬಂತು. ಭಾವ ಕನ್ನಡಿ ನೋಡಿದ. ಕ್ಷೌರಿಕ ಕನ್ನಡಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ. ಬಲಗಡೆಯದನ್ನು ಎಡಕ್ಕೆ ಸರಿದೂಗಿಸಲು ಹೋಗಿ, ಮತ್ತೆ ಎಡಗಡೆಯದನ್ನು ಬಲಕ್ಕೆ ಸರಿದೂಗಿಸಲು ಹೋಗಿ, ಕಡೆಗೆ ಸರಿದೂಗಿಸಲು ಏನೂ ಉಳಿಯಲಿಲ್ಲ.

“ಆ ದಾರಕ್ಕೊಂದು ಗಂಟು ಹಾಕಿ ಮಾಸ್ಕ್ ಕೊಡು,” ಎಂದ ಭಾವ.

ಗಂಟು ಹಾಕಬಹುದು ಎಂಬುದು ಕ್ಷೌರಿಕನಿಗೆ ಹೊಳೆದದ್ದು ಆಗಲೇ.

ಅಂದಿನಿಂದ ಭಾವ ಮಾಸ್ಕ್ ತೆಗೆಯಲಿಲ್ಲ. ಬೀದಿಯಲ್ಲೂ ಇಲ್ಲ, ತಾಯಿಯ ಎದುರಿಗೂ ಇಲ್ಲ. ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದ. ಹೆಂಡತಿಗೆ ನೆಮ್ಮದಿಯಾಯಿತು. ಕ್ಷೌರಿಕನಿಗೆ ಮಾತ್ರ ನೆಮ್ಮದಿ ನೆತ್ತಿಗೇರಿತು. ಅತ್ತೆಯನ್ನು ನೋಡಲು ಹೋದವನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಪ್ಲಾಸ್ಟರಿಗೆ ಭಾವನ ಮೀಸೆ ಬಲಿಯಾದದ್ದು ಹೇಗೆ, ಜವಾಬ್ದಾರಿ ಎಂದರೇನು, ತನ್ನಂಥ ಅಳಿಯ ಇಲ್ಲದಿದ್ದರೆ ಈ ಮನೆಯ ಗತಿಯೇನು ಎಂದು ಮೊದಲಿನಿಂದ ಹೇಳತೊಡಗಿದ. ಅತ್ತೆಗೆ ಕಿವಿ ಸ್ವಲ್ಪ ಮಂದ. ಒಂದು ಮಾತೂ ವ್ಯರ್ಥವಾಗಬಾರದೆಂದು ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು ದನಿ ಏರಿಸಿದ.

ಅತ್ತೆ ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡು ಎಲ್ಲವನ್ನೂ ಕೇಳಿದರು.

“ಅಳಿಯಂದ್ರೇ, ಆ ಪ್ಲಾಸ್ಟರ್ ಇನ್ನೂ ಮಿಕ್ಕಿದೆಯಾ?”

“ಇದೆ. ಯಾಕತ್ತೆ?”

“ನಿಮ್ಮ ಮೀಸೆನೂ ಪೂರ್ತಿ ಕಾಣ್ತಾ ಇದೆ.”