ರಿಂಗ್ ಮಾಡ್ಯುಲೇಷನ್ ಮತ್ತು ಓನರಮ್ಮ

ಕಂಪ್ಯೂಟರಿನಲ್ಲಿ ಸದ್ದು ಹುಟ್ಟಿಸುವವನ ಮರ್ಯಾದೆ ಒಂದು ದಿನ ಇದ್ದರೆ ನಾಲ್ಕು ದಿನ ಇರಲ್ಲ. ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ಮಹಡಿ ಮೇಲಿನ ಬಾಡಿಗೆ ಮನೆಯೇ ನನ್ನ ಸ್ಟುಡಿಯೋ. ಜಾಹೀರಾತು, ನಾಟಕಗಳಿಗೆ ಸದ್ದು ಮಾಡಿಕೊಡುತ್ತೇನೆ. ರಿಂಗ್ ಮಾಡ್ಯುಲೇಷನ್ ಹುಚ್ಚು ಹಿಡಿದ ಮೇಲಂತೂ ಕೇಳಲೇಬೇಡಿ. ಕೆಳಗಿನ ಮನೆಯ ಓನರಮ್ಮ ಹೇಳಿಬಿಟ್ಟಿದ್ದರು: "ಇನ್ನೊಂದ್ಸಲ ಆ ತಗಡು ಕೊಯ್ಯೋ ಸದ್ದು ಕೇಳಿದ್ರ ಮನಿ ಖಾಲಿ ಮಾಡ್ರಿ."

೧. ಹೆಂಡತಿಗೆ ಪಾಠ

"ಏನದು ಹೊಸ ಹುಚ್ಚು?" ಅಂದಳು ಹೆಂಡತಿ.

ಹುರುಪಿನಿಂದ ಶುರು ಮಾಡಿದೆ. "ಎರಡು ದನಿ ಹಾಕ್ತೀವಿ. ಒಂದು ದನಿ ಸೆಕೆಂಡಿಗೆ ಮುನ್ನೂರು ಸಲ ನಡುಗೋದು, ಇನ್ನೊಂದು ಇನ್ನೂರು ಸಲ. ಸಾಫ್ಟ್‌ವೇರ್ ಎರಡನ್ನೂ ಗುಣಿಸತೈತೆ. ಹೊರಗೆ ಬರೋದು ಐನೂರು ಮತ್ತು ನೂರು. ಕೂಡಿದ್ದೊಂದು, ಕಳೆದಿದ್ದೊಂದು. ನಾವು ಹಾಕಿದ ಎರಡೂ ಮಾಯ."

ಅವಳು ಮೆಣಸಿನಕಾಯಿ ಸೀಳುತ್ತಲೇ ಅಂದಳು: "ನಾನೊಂದು ಹೇಳ್ತೀನಿ, ನಿಮ್ಮವ್ವ ಒಂದು ಹೇಳ್ತಾರೆ. ನೀವು ಎರಡೂ ಬಿಟ್ಟು ಬ್ಯಾರೇನೇ ಮಾಡ್ತೀರಿ. ಇದಕ್ಕೆ ಕಂಪ್ಯೂಟರ್ ಯಾಕ ಬೇಕಿತ್ತು?"

೨. ಹರಿಹರದ ಸಾಹುಕಾರರು

ಹರಿಹರದ ಬಟ್ಟೆ ಅಂಗಡಿ ಸಾಹುಕಾರರು ಆಟೋದಲ್ಲಿ ಕೂಗಿಸುವ ಜಾಹೀರಾತಿಗೆ ತಾವೇ ಮಾತಾಡಿದ್ದರು. "ರೋಬೋಟ್ ಮಾತಾಡ್ದಂಗೆ ಮಾಡ್ರಿ" ಅಂದರು. ಅವರ ದನಿಗೆ ಗುಂಯ್‌ಗುಡುವ ಒಂದು ಸ್ವರ ಗುಣಿಸಿ ಕೊಟ್ಟೆ. ಆಟೋ ಅವರ ಮನೆ ಮುಂದೆಯೇ ಹಾದುಹೋಯಿತು. ಮರುದಿನ ಫೋನು.

"ತಮ್ಮಾ, ನನ್ನ ದನಿ ವಾಪಸ್ ಹಾಕು. ನಲವತ್ತು ವರ್ಷ ಸಂಸಾರ ಮಾಡಿದಾಕಿಗೇ ಗುರುತು ಸಿಗಲಿಲ್ಲ."

"ಏನಂದ್ರು?"

"ಯಾವನೋ ಪುಣ್ಯಾತ್ಮ, ನಿಮಗಿಂತ ಚಂದ ಮಾತಾಡ್ತಾನ ಅಂದ್ಳು."

೩. ಲ್ಯಾಪ್‌ಟಾಪಿಗೆ ನಮಸ್ಕಾರ

ನಾಟಕದವರಿಗೆ ಗುಡಿ ಗಂಟೆಯ ಸದ್ದು ಬೇಕಾಗಿತ್ತು. ಒಂದಕ್ಕೊಂದು ಹೊಂದದ ಎರಡು ದನಿ ಗುಣಿಸಿದರೆ ಕಂಚಿನಂಥ ನಾದ ಬರುತ್ತದೆ, ಆದರೆ ಯಾವ ಎರಡು ಅಂತ ಹುಡುಕಬೇಕು. ಹತ್ತು ಸಲವೂ ಬಂದದ್ದು ತಗಡು ಕೊಯ್ಯುವ ಸದ್ದೇ. ಮೆಟ್ಟಿಲಲ್ಲಿ ಓನರಮ್ಮನ ಚಪ್ಪಲಿ ಸದ್ದು ಕೇಳಿಸಿತು. ಗಂಟುಮೂಟೆ ಕಟ್ಟುವುದೇ ಸೈ ಅಂದುಕೊಂಡೆ. ಗಾಬರಿಯಲ್ಲಿ ಸದ್ದು ನಿಲ್ಲಿಸಲು ಹೋದರೆ ಪರದೆ ಮೇಲಿನ ಗುಂಡಿ ಎಲ್ಲೋ ತಿರುಗಿ ಢಣ್ ಅಂತ ಬಂತು ನೋಡಿ, ಅಪ್ಪಟ ಗಂಟೆ.

ಬೈಯಲು ಬಂದ ಓನರಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟರು, ತಲೆಗೆ ಸೆರಗು ಹೊದ್ದರು, ಲ್ಯಾಪ್‌ಟಾಪಿಗೆ ಕೈ ಮುಗಿದು ಕಣ್ಣು ಮುಚ್ಚಿದರು. ನಾದ ಆರುವ ತನಕ ಅಲ್ಲಾಡಲಿಲ್ಲ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಮನಸ್ಸು ಒಪ್ಪಲಿಲ್ಲ. "ಅಮ್ಮಾರ, ಅದು ಗಂಟೆ ಅಲ್ರಿ. ನಿಮಗೆ ಆಗದ ಆ ಕೊಯ್ಯೋ ಸದ್ದೇ ಅದು."

ಅವರು ಕಣ್ಣು ಬಿಟ್ಟರು. "ಅಯ್ಯ, ಬೇಡ್ಕೊಂಡುಬಿಟ್ನಲ್ಲ."

"ಏನಂತ ಬೇಡ್ಕೊಂಡ್ರಿ?"

"ಮ್ಯಾಲಿನ ಮನಿಯವರು ಲಗೂನ ಖಾಲಿ ಮಾಡ್ಲಪ್ಪಾ ಅಂತ."

ಓನರಮ್ಮ ಚಪ್ಪಲಿ ಮೆಟ್ಟಿಕೊಂಡು ಇಳಿಯುತ್ತಾ ಅಂದರು: "ಖೋಟಾ ಗಂಟಿಗೆ ಬೇಡ್ಕೊಂಡಿದ್ದು ದ್ಯಾವರು ನಡೆಸಂಗಿಲ್ಲ. ಈ ಮನಿ ಋಣ ನಿಮಗಿನ್ನೂ ಐತೆ, ಇರ್ರಿ."