ಹದಿನೇಳು ಹತ್ಯಾರಗಳ ಮೇಲೊಂದು ಶಾಸನ

ಗುರುಶಾಂತಮ್ಮ ಆ ಪೆನ್ಸಿಲನ್ನು ಮೊದಲ ಸಲ ಕಂಡದ್ದು ಎಂಬತ್ತಾರನೇ ಇಸವಿಯ ಮಾಘದಲ್ಲಿ, ಅಫಜಲಪುರದ ಪಾತ್ರೆ ಅಂಗಡಿಯಲ್ಲಿ. ಕೊಳಕೂರಿನ ತಂಗಿಯ ಮಗಳ ಮದುವೆಗೆಂದು ಸ್ಟೀಲಿನ ಕೊಡ ಆರಿಸಿ, "ನನ್ನ ಹೆಸರು ಹಾಕಿ ಕೊಡ್ರಿ" ಎಂದಿದ್ದಳು. ಅಂಗಡಿಯ ಜಹೀರುದ್ದೀನ ಹೆಬ್ಬೆರಳು ದಪ್ಪದ ಒಂದು ಹಳೇ ಪೆನ್ಸಿಲು ತೆಗೆದು, ಅದರ ಹೊಟ್ಟೆಗೆ ಎರಡು ಸೆಲ್ಲು ತುಂಬಿ, ಗುಂಡಿ ಒತ್ತಿದ. ಗುಂಯ್! ಕಣಜದ ಹುಳದ ಹಾಗೆ ಒದರುತ್ತ ಅದು ಕೊಡದ ಕೊರಳಿಗೆ ಅಕ್ಷರ ಕೊರೆಯಿತು.

"ಇದು ಕಬ್ಬಿಣದ ಮ್ಯಾಲೂ ಬರೀತದೇನ್ರಿ ಸಾಹೇಬ್ರ?"

"ಕಿಲ್ಲೇದ ತೋಪಿನ ಮ್ಯಾಲೂ ಬರೀತದ ಯವ್ವಾ! ನಮ್ಮ ಅಬ್ಬಾನ ಕಾಲದ್ದು. ನನಗೀಗ ಕರೆಂಟಿನ ಮಶೀನ್ ಬಂದದ. ಬೇಕಾದ್ರ ಒಯ್ರಿ."

ಒಯ್ಯದೆ ಬಿಡುತ್ತಾಳೆಯೆ! ಕರಜಗಿಯ ಆಕೆಯ ಮನೆಯಲ್ಲಿ, ತೀರಿಹೋದ ಗಂಡ ಜಗದೇವಪ್ಪ ಕೂಡಿಸಿಟ್ಟ, ದುರಸ್ತಿ ಕೆಲಸದ ಹದಿನೇಳು ಹತ್ಯಾರಗಳ ಪೆಟ್ಟಿಗೆ ಇತ್ತು. ಇತ್ತು ಎಂದರೆ, ಪೆಟ್ಟಿಗೆ ಇತ್ತು. ಹತ್ಯಾರಗಳು ಮಾತ್ರ ಓಣಿ ತುಂಬ ನೆಂಟಸ್ತನಕ್ಕೆ ಹೋಗಿರುತ್ತಿದ್ದವು. ಎಂಟು ದಿನಕ್ಕೊಮ್ಮೆ ಮುನಿಸಿಕೊಳ್ಳುವ ಬಾವಿಯ ಇಂಜನ್ನನ್ನು ಆಕೆ ತಾನೇ ಬಿಚ್ಚಿ ಕೂಡಿಸಬಲ್ಲಳು. ಗಂಡನ ಪಕ್ಕ ಕೂತು ಕಲಿತ ವಿದ್ಯೆ. ಆದರೆ ನಟ್ಟು ಬಿಚ್ಚುವ ಪಾನಾ ಒಬ್ಬರ ಮನೆಯಲ್ಲಿ, ಇಕ್ಕಳ ಇನ್ನೊಬ್ಬರ ಮನೆಯಲ್ಲಿ! ಹುಡುಕಿ ತರುವಷ್ಟರಲ್ಲಿ ಎರಡೆಕರೆ ಕಬ್ಬು ಬಾಡುತ್ತಿತ್ತು. ಕೇಳಿದರೆ, "ಅಯ್ಯ, ಇದು ನಿಮ್ಮದೇನು? ನಮ್ಮದೇ ಅಂತ ಮಾಡಿದ್ವಿ" ಎಂಬ ಉತ್ತರ!

"ಇನ್ನ ನೋಡು ಬೇ," ಎಂದು ಪಕ್ಕದ ಮನೆಯ ಹೀರಾಬಾಯಿಯ ಮುಂದೆ ಪೆನ್ಸಿಲನ್ನು ಕತ್ತಿಯಂತೆ ಎತ್ತಿ ಹಿಡಿದಳು. "ಒಂದೊಂದರ ಮ್ಯಾಲೂ ನನ್ನ ಹೆಸರು! ಇನ್ನ ನೂರು ವರ್ಷ ನನ್ನ ಒಂದು ಮೊಳಿನೂ ಈ ಮನಿ ಬಿಟ್ಟು ಹೋಗಂಗಿಲ್ಲ!"

"ನಿನಗ ಬರಿಲಿಕ್ಕ ಎಲ್ಲಿ ಬರ್ತದ ಬೇ?"

"ಬರಿಲಿಕ್ಕ ಬರಂಗಿಲ್ಲ. ನೋಡಿ ತಿದ್ದಲಿಕ್ಕ ಬರ್ತದ. ಕೊಡದ ಮ್ಯಾಲ ಹೆಸರು ಅದ ಅಲ್ಲ!"

ಹೀರಾಬಾಯಿಗೂ ಓದು ಬಾರದು. ಕೊಡದ ಮೇಲಿನ ಸಾಲು ಗೇಣುದ್ದ ಇತ್ತು. ಇರಲಿ, ರೇಷನ್ ಕಾರ್ಡಿನಲ್ಲೂ ಗುರುಶಾಂತಮ್ಮನ ಹೆಸರಿನ ಹಿಂದೆ ಗಂಡನ ಹೆಸರು, ಅಡ್ಡಹೆಸರು ಎಂದು ರೈಲಿನ ಡಬ್ಬಿಗಳಂತೆ ಸಾಲು ಇರುತ್ತದಲ್ಲ! ಮನೆಮನೆ ತಿರುಗಿ ಹದಿನೇಳನ್ನೂ ಕೂಡಿಹಾಕಿದಳು. ನಾಲ್ಕು ದಿನ, ಎಂಟು ಸೆಲ್ಲು. ಒಂದು ಕೊಂಬು, ಒಂದು ಸೊನ್ನೆ ತಪ್ಪಲಿಲ್ಲ. ಸ್ಕ್ರೂಡ್ರೈವರಿನ ಮೇಲೆ ಜಾಗ ಸಾಲದೆ ಸಾಲು ಹಾವಿನಂತೆ ಮೂರು ಸುತ್ತು ಸುತ್ತಿಕೊಂಡಿತು. ಹುರುಪು ಏರಿ, ಅಡಿಗೆಮನೆಯ ಈಳಿಗೆ, ಒಲೆಯ ಚಿಮಟಿಗೆಯನ್ನೂ ಬಿಡಲಿಲ್ಲ!

ಐದನೆಯ ದಿನ ಎದುರುಮನೆಯ ಕರೀಮಸಾಬ ದೊಡ್ಡ ಪಾನಾ ಕೇಳಿಕೊಂಡು ಬಂದ.

"ಒಯ್ಯೋ ತಮ್ಮಾ. ಆದ್ರ ಮೊದಲ ಅದರ ಮ್ಯಾಲ ಬರದದ್ದು ಓದು!"

ಕರೀಮಸಾಬ ಓದಿದ. ಇನ್ನೊಮ್ಮೆ ಓದಿದ. ಪಾನಾವನ್ನು ಎದೆಗೆ ಒತ್ತಿ ಹಿಡಿದ. "ಅಕ್ಕಾ... ಇದು ಖರೇನ?"

"ಖರೇ ಅಲ್ದ ಸುಳ್ಳೇನು? ಉಳದದ್ದಕ್ಕೂ ಹಿಂಗ ಬರದೇನಿ. ಓಣ್ಯಾಗ ಎಲ್ಲಾರಿಗೂ ಹೇಳು. ನಾಳಿ ಯಾರೂ 'ಗೊತ್ತಿರಲಿಲ್ಲ' ಅನಬಾರದು!"

ಕರೀಮಸಾಬ ನಿಷ್ಠೆಯಿಂದ ಹೇಳಿದ. ಮಧ್ಯಾಹ್ನದೊಳಗೆ ಬಾಗಿಲಲ್ಲಿ ಮಂದಿಯ ಪಾಳಿ! ಓಣಿಯ ಕೊನೆಮನೆಯ ದೊಡ್ಡಪ್ಪ ಸುತ್ತಿಗೆ ಒಯ್ದ, ಅವನ ಪಕ್ಕದ ಮನೆಯ ರುಕ್ಮಿಣಿಬಾಯಿ ಇಕ್ಕಳ ಒಯ್ದಳು, ಹಲ್ಲಿಲ್ಲದ ಒಬ್ಬ ಮುದುಕ ಗರಗಸ ಒಯ್ದ. ಬಂದವರೆಲ್ಲ ಓದಿದರು, ಬಾರದವರು ಓದಿಸಿಕೊಂಡರು, ಕೈಮುಗಿದು ಹೋದರು. 'ನನ್ನ ಹೆಸರಿಗೆ ಇಷ್ಟು ಅಂಜಿಕಿ!' ಎಂದು ಗುರುಶಾಂತಮ್ಮ ಪೂರಿಯಂತೆ ಉಬ್ಬಿದಳು.

ಮರುದಿನ ಕರೀಮಸಾಬನ ಹೆಂಡತಿ ಹುಸೇನಬೀ ಒಂದು ಹೊಸ ಸೀರೆ ತಂದಿಟ್ಟಳು. ದೊಡ್ಡಪ್ಪನ ಮನೆಯಿಂದ ಎರಡು ಸೇರು ತೊಗರಿಬೇಳೆ, ರುಕ್ಮಿಣಿಬಾಯಿಯಿಂದ ಶೇಂಗಾ ಹೋಳಿಗೆ. ಇಷ್ಟು ವರ್ಷ ಹತ್ಯಾರ ಇಟ್ಟುಕೊಂಡದ್ದಕ್ಕೆ ದಂಡ ಇರಬೇಕೆಂದು ಗುರುಶಾಂತಮ್ಮ ಸಮಾಧಾನದಿಂದ ಹೋಳಿಗೆ ತಿಂದಳು.

ಅದರ ಮರುದಿನ ಬಾವಿಯ ಇಂಜನ್ನು ಎರಡು ಸಲ ಕೆಮ್ಮಿ ಕೂತಿತು. ಗುರುಶಾಂತಮ್ಮ ಎದುರುಮನೆಗೆ ಹೋಗಿ ಠೀವಿಯಿಂದ ಕೈಚಾಚಿದಳು. "ತಮ್ಮಾ, ಪಾನಾ ಕೊಡು."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ವಾಪಸ್ ಕೇಳ್ತೀರೇನ್ರಿ ಅಕ್ಕಾ?" ಹುಸೇನಬೀಯ ಮುಖ ಸಣ್ಣದಾಯಿತು. "ನಮ್ಮ ಕಡಿಂದ ಏನರೆ ತಪ್ಪಾತೇನ್ರಿ? ಸೀರಿ ಮನಸಿಗಿ ಬರಲಿಲ್ಲೇನು? ಆಯೇರಿ ಕೊಟ್ಟದ್ದು ಯಾರರೆ ತಿರುಗಿ ಕೇಳ್ತಾರೇನ್ರಿ?"

"ಯಾವ ಆಯೇರಿ, ಯಾತರ ಆಯೇರಿ? ಅದರ ಮ್ಯಾಲ ನನ್ನ ಹೆಸರು ಅದ!"

"ಅದನ್ನ ನಾವೂ ಅನ್ನೂದು," ಎಂದ ಕರೀಮಸಾಬ, ಒಳಗಿನಿಂದ ಪಾನಾ ತಂದು, ಸುತ್ತಿದ ಬಟ್ಟೆ ಬಿಚ್ಚಿ, ಬೆರಳಿಟ್ಟು ಓದಿದ: "'ಗುರುಶಾಂತಮ್ಮನವರಿಂದ ಪ್ರೀತಿಯ ಕಾಣಿಕೆ.'"

ಗುರುಶಾಂತಮ್ಮ ಕಟ್ಟೆಯ ಮೇಲೆ ಕುಸಿದಳು. ಮದುವೆಯ ಕೊಡದ ಮೇಲೆ ಜಹೀರುದ್ದೀನ ಮತ್ತೇನು ಬರೆಯುತ್ತಾನೆ! ಗಂಡನ ಹೆಸರು, ಅಡ್ಡಹೆಸರು ಎಂದುಕೊಂಡ ಡಬ್ಬಿಗಳೆಲ್ಲ ಬರೀ ಪ್ರೀತಿ, ಬರೀ ಕಾಣಿಕೆ! ಹದಿನೇಳು ಹತ್ಯಾರಗಳನ್ನು ಕೈಯಾರೆ ಕೊರೆದು ಊರಿಗೆ ಹಂಚಿಬಿಟ್ಟಿದ್ದಳು. ಉಡುಗೊರೆಯೆಂದು ಕೊಟ್ಟ ಆಯೇರಿ ಕಸಿದುಕೊಂಡವಳನ್ನು ನಾಳೆ ಯಾರು ಮದುವೆಗೆ ಕರೆದಾರು, ಯಾರು ತೊಟ್ಟಿಲಿಗೆ ಕರೆದಾರು? ಸಾಲದ್ದಕ್ಕೆ ಅವರು ಮಾಡಿದ ಮುಯ್ಯಿಯೂ ಮುಟ್ಟಿಯಾಗಿದೆ. ಸೀರೆ ಮರಳಿಸಬಹುದು, ಹೋಳಿಗೆ?

ಅತ್ತ ಕಬ್ಬು ಬಾಯಾರಿ ನಿಂತಿತ್ತು. ಆಕೆ ಕಟ್ಟೆಯಿಂದ ಎದ್ದಳು.

"ಹಂಗಲ್ಲ ತಮ್ಮಾ... ನಿಮ್ಮ ಪಾನಾ... ಒಂದು ತಾಸಿನ ಮಟ್ಟಿಗಿ ಕೊಡ್ತೀರೇನು?"

"ಅಯ್ಯ, ಅದಕ್ಕೇನ್ರಿ ಅಕ್ಕಾ!" ಹುಸೇನಬೀಯ ಮುಖ ಅರಳಿತು. ಗಂಡನ ಕೈಯಿಂದ ಪಾನಾ ತೆಗೆದು ತಾನೇ ಮುಂದೆ ಚಾಚಿದಳು. ಗುರುಶಾಂತಮ್ಮ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಹುಸೇನಬೀ ಬಿಡಲಿಲ್ಲ.

"ಸಿಟ್ಟಾಗಬ್ಯಾಡ್ರಿ. ನೀವು ಪ್ರೀತಿಲೆ ಕೊಟ್ಟದ್ದು ಅಂತ ಅದರ ಮ್ಯಾಲ ನಮ್ಮ ಜೀವ ಅದ. ಈ ಓಣಿ ಮಂದಿ ಹೆಂಥವರು ಅಂತ ನಿಮಗ ಗೊತ್ತೇ ಅದ ಅಲ್ರಿ ಅಕ್ಕಾ... ನೀವರೆ ಸಂಜೀ ಒಳಗ ತಂದು ಕೊಡ್ತೀರಿಲ್ಲೋ?"