ಇಪ್ಪತ್ತೇಳಕ್ಕೆ ಎರಡು

ಅಂಗಿ ನೆನೆಹಾಕುವ ಮುಂಚೆ ಜೇಬು ತಡಕುವ ಅಭ್ಯಾಸ ಮಹಾಲಕ್ಷ್ಮಮ್ಮನಿಗೆ ಇಲ್ಲದೇ ಹೋಗಿದ್ದರೆ ಲಕ್ಷ್ಮೀಪತಿ ಮೇಷ್ಟ್ರ ಆ ಭಾನುವಾರ ಸುಖವಾಗಿಯೇ ಕಳೆಯುತ್ತಿತ್ತು. ಗಂಡನ ಜೇಬಿನಲ್ಲಿ ಬಸ್ ಟಿಕೆಟ್ಟೋ ಸೀಮೆಸುಣ್ಣದ ತುಂಡೋ ಸಿಗುವುದು ವಾಡಿಕೆ. ಅವತ್ತು ನಾಲ್ಕಾಗಿ ಮಡಿಸಿದ ಚೀಟಿಯೊಂದು ಸಿಕ್ಕಿತು. ಬಿಡಿಸಿದರೆ ಕೆಂಪು ಶಾಯಿಯಲ್ಲಿ ದುಂಡಗೆ ಸುತ್ತುಹಾಕಿ ಬರೆದಿತ್ತು: 2/27.

"ರೀ, ಏನ್ರೀ ಇದು?"

ಮೇಷ್ಟ್ರು ಕಾಫಿ ಲೋಟದಿಂದ ತಲೆ ಎತ್ತಿದರು. "ಅದಾ? ಮೊನ್ನೆ ಹರ್ಷಿತಾ ಬಂದು ಒಂಬತ್ತು ಪ್ರಶ್ನೆ ಕೇಳಿದ್ಲಲ್ಲ, ಅದರದ್ದು. ಕಡಿಮೆ ಬಂದ್ರೇನೇ ಒಳ್ಳೇದು ಕಣೆ."

ಮಾತು ನಿಜವೇ ಆಗಿತ್ತು. ಮನಸ್ಸಿನ ಕಾಯಿಲೆಗಳಿಗೆ ಹೊಸ ಚಿಕಿತ್ಸೆ ಹುಡುಕುವ ಬೆಂಗಳೂರಿನ ತಂಡವೊಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಮನೆಮನೆ ಸುತ್ತುತ್ತಿತ್ತು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸುತ್ತಾ ಎಂದೆಲ್ಲ ಕೇಳಿ, ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಮೂರರವರೆಗೆ ಅಂಕ ಬರೆಯುತ್ತಿದ್ದರು. ಸಂಕಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಹತ್ತು ದಾಟಿದವರು ಭಾನುವಾರ ನಾಲ್ಕಕ್ಕೆ ಊರಿನ ಆಸ್ಪತ್ರೆಗೆ ಬಂದು ಡಾಕ್ಟರನ್ನು ಕಾಣಬೇಕು. ಇಷ್ಟನ್ನೂ ವಿವರಿಸಿ, "ಚೀಟಿ ಯಾರಿಗೂ ತೋರಿಸಬೇಡಿ" ಎಂದೂ ಹೇಳಿ, ಆ ತಂಡದಲ್ಲಿದ್ದ ಮೇಷ್ಟ್ರ ಹಳೆಯ ಶಿಷ್ಯೆ ಹರ್ಷಿತಾ ಹೋಗಿದ್ದಳು. ಆದರೆ ಕೆಂಪು ಶಾಯಿಯ ಅಂಕ ಕಡಿಮೆ ಬಂದರೆ ಒಳ್ಳೆಯದು ಎಂಬ ಮಾತನ್ನು ಕಳ್ಳಂಬೆಳ್ಳವೆಂಬ ಆ ಊರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮಹಾಲಕ್ಷ್ಮಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಮಾರ್ಕು ಮುಖ್ಯ ಅಲ್ಲ ಅಂತ ಫೇಲಾದೋರೆಲ್ಲ ಹೇಳೋದೇ ಅಂತ ನೀವೇ ಅಲ್ವಾ ಅಂತಿದ್ದಿದ್ದು?"

ಇಪ್ಪತ್ತೆರಡು ವರ್ಷದಿಂದ ಲೆಕ್ಕದ ಮೇಷ್ಟ್ರಾಗಿ ಎಷ್ಟೋ ತಂದೆತಾಯಿಗೆ ಹೇಳಿದ ಮಾತದು. ಹೆಂಡತಿ ಅಡುಗೆಮನೆಯಿಂದಲೇ ಬಾಯಿಪಾಠ ಮಾಡಿಕೊಂಡಿದ್ದರು.

ಬೇರೆ ದಿನವಾಗಿದ್ದರೆ ಮೇಷ್ಟ್ರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವತ್ತು ಸಂಜೆ ಆರಕ್ಕೆ ಶಾಲೆಯಲ್ಲಿ ಅವರಿಗೆ ಸನ್ಮಾನವಿತ್ತು. ಸತತ ಏಳು ವರ್ಷ ಹತ್ತನೇ ತರಗತಿಯಲ್ಲಿ ಲೆಕ್ಕಕ್ಕೆ ನೂರಕ್ಕೆ ನೂರು ಫಲಿತಾಂಶ. ಶಾಲಾ ಸಮಿತಿಯ ಅಧ್ಯಕ್ಷ ಕದಿರಯ್ಯ ಶಿರಾದಿಂದ ಜರಿ ಅಂಚಿನ ಶಾಲು ತಂದಿಟ್ಟಿದ್ದ. ಅವನ ಕಡಲೆಕಾಯಿ ಮಂಡಿಗೆ ಮೇಷ್ಟ್ರು ಏನೇನೋ ನೆಪ ಹೇಳಿ ಎರಡು ಸಲ ಹೋಗಿ ಅದನ್ನು ಕದ್ದು ನೋಡಿ ಬಂದಿದ್ದರು. ಶಾಲು ಹೊದ್ದ ಫೋಟೋ ಟೀವಿಯ ಮೇಲೆ ಎಲ್ಲಿ ತೂಗಬೇಕೆಂಬುದೂ ನಿಶ್ಚಯವಾಗಿತ್ತು.

ಅಷ್ಟರಲ್ಲಿ ಎದುರು ಮನೆಯ ಪಾಪಕ್ಕ ಹಾಲಿಗೆ ಹೆಪ್ಪು ಕೇಳಲು ಬಂದಳು. ಚೀಟಿ ಕಂಡದ್ದೇ ಹೆಪ್ಪು ಮರೆತುಹೋಯಿತು.

"ಅಯ್ಯೋ, ಎಲ್ಡೇನಾ? ನಂಗೆ ಹನ್ನೊಂದು ಬಂದದೆ ಕಣಮ್ಮ! ಸ್ಕೂಲ್ ಮೆಟ್ಲು ಹತ್ದೋಳಲ್ಲ ನಾನು. ನಮ್ಮ ಚಿಕ್ಕಹನುಮಕ್ಕನಿಗೆ ಎಷ್ಟು ಯೋಳು? ಇಪ್ಪತ್ತೆರಡು! ಬೀದಿಗೇ ಫಸ್ಟು!"

ಚಿಕ್ಕಹನುಮಕ್ಕ ಪಾಪಕ್ಕನ ತಮ್ಮನ ಹೆಂಡತಿ. ಗಂಡ ತೀರಿಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಅಂದಿನಿಂದ ಅವಳು ಹೊಸಿಲು ದಾಟಿದ್ದನ್ನು ಕಂಡವರಿಲ್ಲ. ಏನು ಮಾತಾಡಬೇಕೋ ತಿಳಿಯದೆ ಬೀದಿಯವರೂ ಆ ಮನೆಗೆ ಹೋಗುವುದನ್ನು ಬಿಟ್ಟಿದ್ದರು. ಇವತ್ತು ಮಾತಾಡಲು ವಿಷಯ ಸಿಕ್ಕಿತು. ಹತ್ತು ಗಂಟೆಯೊಳಗೆ ಏಳು ಜನ ಹೆಂಗಸರು ಪಾಯಸ, ಕಡಲೆಬೀಜದ ಉಂಡೆ, ಚಿತ್ರಾನ್ನ ಹಿಡಿದು ಅವಳನ್ನು ಅಭಿನಂದಿಸಲು ಹೊರಟರು.

ಅಭಿನಂದನೆ ಅತ್ತ ಹೋದರೆ ಸಂತಾಪವೆಲ್ಲ ಮೇಷ್ಟ್ರ ಮನೆಗೆ ಬಂತು.

ಮೊದಲು ಫೋನು. ಪಾವಗಡದ ಬಲಸಮುದ್ರದಿಂದ ಭಾವಮೈದ ರಂಗರಾಜು, ಗಡಿಯ ತೆಲುಗು ಬೆರೆಸಿ: "ಏಂ ಬಾವಾ, ರೆಂಡೇನಾ? ನಂಗೆ ಹದಿನಾಲ್ಕು! ಹೋಗ್ಲಿ ಬುಡಿ, ನೀವು ಲೆಕ್ಕದೋರು, ಇದು ಮನಸ್ಸಿನ ಸಬ್ಜೆಕ್ಟು."

"ಲೋ, ಹದಿನಾಲ್ಕು ಬಂದಿದ್ರೆ ಮೊದ್ಲು ಹೋಗಿ ಡಾಕ್ಟರನ್ನ ನೋಡೋ!"

"ಹೊಟ್ಟೆಕಿಚ್ಚು ಪಡಬ್ಯಾಡಿ ಬಾವಾ," ಎಂದು ರಂಗರಾಜು ಫೋನಿಟ್ಟ.

ಆಮೇಲೆ ಕದಿರಯ್ಯನೇ ಬಂದ. ಕುರ್ಚಿಯ ತುದಿಯಲ್ಲಿ, ಸಾವಿನ ಮನೆಯಲ್ಲಿ ಕೂರುವಂತೆ ಕೂತ.

"ಮೇಷ್ಟ್ರೇ, ಶಾಲೇನೋ ತಂದಿವ್ನಿ. ಆದ್ರೆ ಎಲ್ಡು ಮಾರ್ಕಿನ ಮ್ಯಾಲೆ ಹೆಂಗೆ ಹೊದಿಸ್ಲಿ? ಜನ ನಗಾಕಿಲ್ವಾ?"

"ಅದು ಮಾರ್ಕಲ್ಲ ಕದಿರಯ್ಯ. ಜ್ವರ ಅಳೆದಂಗೆ ಅಂದ್ಕೊ. ಕಡಿಮೆ ಇದ್ರೆ ಆರೋಗ್ಯ."

ಕದಿರಯ್ಯ ಯೋಚಿಸಿದ. "ಜ್ವರ ಇಲ್ದಿದ್ರೂ ತೊಂಬತ್ತೆಂಟು ತೋರಿಸ್ತದಲ್ಲ ಸ್ವಾಮಿ? ಎಲ್ಡು ತೋರಿಸ್ತು ಅಂದ್ರೆ ಮನುಷ್ಯ ತಣ್ಣಗಾಗವ್ನೆ ಅಂತ."

ಅಷ್ಟರಲ್ಲಿ ಅಭಿನಂದನೆ ಮುಗಿಸಿ ಬಂದ ಪಾಪಕ್ಕ, ಬುದ್ಧಿ ಚುರುಕಾಗಲಿ ಎಂದು ಮೇಷ್ಟ್ರ ನೆತ್ತಿಗೆ ಅರ್ಧ ಬಾಟಲಿ ಬ್ರಾಹ್ಮಿ ಎಣ್ಣೆ ಸುರಿದು ತಟ್ಟತೊಡಗಿದಳು. "ಬ್ಯಾಡ ಅನ್ಬ್ಯಾಡಿ, ಚಿಕ್ಕೋಳಲ್ಲ ನಾನು, ಹನ್ನೊಂದು ತಗೊಂಡೋಳು." ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಒಗ್ಗರಣೆಗೆ ಕಾದು ನಿಂತ ಬಾಣಲೆಯಂತಾಗಿದ್ದರು. ಹತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಬಾಗಿಲಲ್ಲೇ ನಿಂತು, ನಾಳೆಯಿಂದ ಮಗಳನ್ನು ಸ್ಪೆಷಲ್ ಕ್ಲಾಸಿಗೆ ಕಳಿಸಬೇಕೋ ಬೇಡವೋ ಎಂದು ಕೇಳಿ ಹೋದಳು.

ಅಲ್ಲಿಗೆ ಮೇಷ್ಟ್ರು ಸೋತರು. ಮೂರೂವರೆಗೆ ಎಣ್ಣೆ ಸುರಿಯುವ ತಲೆಯಲ್ಲೇ ಆಸ್ಪತ್ರೆಗೆ ಹೊರಟರು. ಹಿಂದೆ ಹೆಂಡತಿ, ಅವರ ಹಿಂದೆ ಶಾಲು ಕಂಕುಳಲ್ಲಿಟ್ಟ ಕದಿರಯ್ಯ, ಅವನ ಹಿಂದೆ ಅರ್ಧ ಬೀದಿ.

ಆಸ್ಪತ್ರೆಯ ಜಗಲಿಯಲ್ಲಿ ಹತ್ತು ದಾಟಿದವರೆಲ್ಲ ತಾವೇ ರ್‍ಯಾಂಕಿನ ಪ್ರಕಾರ ಕೂತಿದ್ದರು. ಮೊದಲ ಕುರ್ಚಿ ಚಿಕ್ಕಹನುಮಕ್ಕನದು. ಒಗೆದ ಸೀರೆ ಉಟ್ಟಿದ್ದಳು. ನಗು ಬಂದೀತೆಂದು ಭಯವಾದವಳಂತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಸರ್, ನಿಮಗೆ ಎರಡೇ ಬಂದಿರೋದು. ನೀವ್ಯಾಕೆ ಬಂದ್ರಿ?" ಎಂದಳು ಹರ್ಷಿತಾ.

"ಇನ್ನೊಂದು ಫಾರಂ ಕೊಡು."

"ಇದಕ್ಕೆ ಸಪ್ಲಿಮೆಂಟರಿ ಇಲ್ಲ ಸರ್."

"ಹರ್ಷಿತಾ, ನಿನಗೆ ತ್ರಿಕೋನಮಿತಿ ಕಲಿಸಿದ್ದು ಯಾರು?"

ಫಾರಂ ಬಂತು.

ಕಿಟಕಿ ಪಕ್ಕದ ಮೇಜಿನಲ್ಲಿ ಮೇಷ್ಟ್ರು ಬರೆಯಲು ಕೂತರು. ಬಾಳಿನಲ್ಲಿ ಮೊದಲ ಸಲ ಪರೀಕ್ಷೆಯಲ್ಲಿ ಮೋಸ. ಹನ್ನೊಂದೋ ಹನ್ನೆರಡೋ ಬಂದರೆ ಸಾಕು, ಪಾಪಕ್ಕನ ಸಮ ಆಗುತ್ತದೆ ಎಂಬುದು ಲೆಕ್ಕ. ಮೊದಲ ಪ್ರಶ್ನೆಗೆ ಮೂರು ಹಾಕಿದರು. ಎರಡನೆಯದಕ್ಕೆ ಒಂದು ಹಾಕಲು ಹೋದ ಕೈ ಮುಂದೆ ಸಾಗಲಿಲ್ಲ. ಇಪ್ಪತ್ತೆರಡು ವರ್ಷ ಪೂರ್ಣ ಅಂಕಕ್ಕಾಗಿ ಮಕ್ಕಳ ಕಿವಿ ಹಿಂಡಿದ ಕೈ ಅದು. ಗೊತ್ತಿದ್ದೂ ಗೊತ್ತಿದ್ದೂ ಎರಡು ಅಂಕ ಬಿಡುವುದು ಹೇಗೆ? ಒಂಬತ್ತಕ್ಕೂ ಮೂರೇ ಬಿತ್ತು. ಅಭ್ಯಾಸಬಲದಿಂದ ಎರಡು ಸಲ ಕೂಡಿ ನೋಡಿ ಕೆಳಗೆ ಗೆರೆ ಎಳೆದರು.

"ಇಪ್ಪತ್ತೇಳಕ್ಕೆ ಇಪ್ಪತ್ತೇಳು!" ಕಿಟಕಿಯಿಂದ ಇಣುಕಿದ್ದ ಮಹಾಲಕ್ಷ್ಮಮ್ಮ ಕಿರುಚಿದರು.

ಜಗಲಿಯಲ್ಲಿ ಚಪ್ಪಾಳೆ ಬಿತ್ತು. "ನಮ್ ಮೇಷ್ಟ್ರು ಅಂದ್ರೆ ಏನಂದ್ಕೊಂಡಿದ್ರಿ!" ಎನ್ನುತ್ತ ಕದಿರಯ್ಯ ಒಳಗೆ ನುಗ್ಗಿ, ಅವರನ್ನು ಎಳೆದು ತಂದು, ಸಂಜೆಯ ಸಮಾರಂಭಕ್ಕೂ ಕಾಯದೆ ಎಲ್ಲರೆದುರು ಶಾಲು ಹೊದಿಸಿಯೇಬಿಟ್ಟ. ಯಾರೋ ಫೋಟೋ ತೆಗೆದರು. ಮೇಷ್ಟ್ರ ಎದೆ ಉಬ್ಬಿತು. ತಾನು ಬರೆದದ್ದು ಸುಳ್ಳೆಂಬುದೇ ಆ ಎರಡು ನಿಮಿಷ ಅವರಿಗೆ ಮರೆತುಹೋಗಿತ್ತು.

ಗದ್ದಲಕ್ಕೆ ಡಾಕ್ಟರ್ ಶರಣ್ಯಾ ಹೊರಗೆ ಬಂದರು. ಹರ್ಷಿತಾ ಕಿವಿಯಲ್ಲಿ ಹೇಳಿದ್ದನ್ನು ಕೇಳಿದರು. ನಗಲಿಲ್ಲ.

"ಇದು ಮಾರ್ಕಲ್ಲ," ಎಂದರು. "ಮನುಷ್ಯ ಒಳಗೆ ಎಷ್ಟು ಭಾರ ಹೊತ್ತಿದ್ದಾನೆ ಅನ್ನೋ ತೂಕ. ಕಡಿಮೆ ಇದ್ದಷ್ಟೂ ಹಗುರ."

ತೂಕ ಎಂದದ್ದೇ ಮಂಡಿಯ ಕದಿರಯ್ಯನಿಗೆ ಅರ್ಥವಾಯಿತು. "ಅಂದ್ರೆ ಬೆಳಿಗ್ಗೆ ನಮ್ ಮೇಷ್ಟ್ರೇ ಫಸ್ಟಿದ್ರು?"

"ಹಂಗೇ ಅಂದ್ಕೊಳ್ಳಿ."

"ಈಗ?"

ಎಲ್ಲರೂ ಮೇಷ್ಟ್ರ ಕೈಯಲ್ಲಿದ್ದ ಫಾರಂ ನೋಡಿದರು. ಕದಿರಯ್ಯ ಅವರ ಹೆಗಲಿಂದ ಶಾಲು ತೆಗೆದು, ಇದ್ದ ಮಡಿಕೆಯ ಮೇಲೇ ಮಡಿಸಿದ. ಅಂಚಿಗೆ ಹತ್ತಿದ್ದ ಬ್ರಾಹ್ಮಿ ಎಣ್ಣೆಯನ್ನು ಪಂಚೆಯಿಂದ ಒರೆಸಿದ.

ಪಾಪಕ್ಕ ಮಾತ್ರ ಮೊದಲ ಕುರ್ಚಿಯನ್ನೇ ನೋಡುತ್ತಿದ್ದಳು. ಅವಳ ದನಿ ಇಳಿದಿತ್ತು. "ಅಂಗಾದ್ರೆ ಇಪ್ಪತ್ತೆರಡು ಭಾರ ಹೊತ್ಕಂಡು ಇವಳು ಒಂದೊರ್ಷದಿಂದ ಒಬ್ಳೇ ಕುಂತಿದ್ಲು. ನಾವು ಗ್ವಾಡೆಯಾಚೆ ಇದ್ದೂ ಕೇಳ್ಲಿಲ್ಲ. ಅಂಥಾದ್ರಲ್ಲಿ ಇವತ್ತು ಎದ್ದು ಇಲ್ಲಿಗಂಟ ನಡ್ಕಂಡು ಬಂದವಳೆ. ಕದಿರಣ್ಣ, ಆ ಶಾಲು ಇತ್ತಾಗೆ ಕೊಡು."

ಕದಿರಯ್ಯ ಕೊಟ್ಟ. ಪಾಪಕ್ಕ ಅದನ್ನು ಚಿಕ್ಕಹನುಮಕ್ಕನ ಹೆಗಲಿಗೆ ಹೊದಿಸಿದಳು. ಮೊದಲು ಚಪ್ಪಾಳೆ ತಟ್ಟಿದ್ದು ಮೇಷ್ಟ್ರೇ. ಅವಳು ತಲೆ ತಗ್ಗಿಸಲಿಲ್ಲ. ಜರಿ ಅಂಚನ್ನು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಜಗಲಿಯಲ್ಲಿದ್ದವರನ್ನೆಲ್ಲ ಮಾತಾಡಿಸಿ ಮುಗಿದ ಮೇಲೆ ಡಾಕ್ಟರ್ ಬಾಗಿಲು ಮುಚ್ಚಿ ಮೇಷ್ಟ್ರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳಿದರು. ಮೇಷ್ಟ್ರು ಎಲ್ಲವನ್ನೂ ಒಪ್ಪಿಕೊಂಡರು. ಡಾಕ್ಟರ್ ಫಾರಂ ಮೇಲೆ ಅಡ್ಡಗೆರೆ ಎಳೆದರು.

"ನಂಬ್ತೀನಿ. ಆದ್ರೆ ಒಬ್ಬರು ಎರಡು ಸಲ ಬರೆದ್ರೆ ಎರಡನ್ನೂ ಬಿಡಬೇಕು ಅನ್ನೋದು ನಮ್ಮ ನಿಯಮ. ನಿಮ್ಮ ಹೆಸರಿನ ಮುಂದೆ ಈಗ ಯಾವ ಅಂಕವೂ ಇಲ್ಲ."

"ಅಂದ್ರೆ ಗೈರುಹಾಜರಿ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಬೇಜಾರು ಮಾಡ್ಕೋಬೇಡಿ. ಮಾತ್ರೆ ಜೊತೆಗೆ ನೆರೆಹೊರೆಯವರೂ ಹೋಗಿ ಕೂತು ಕೇಳಿಸ್ಕೊಂಡ್ರೆ ಭಾರ ಇಳಿಯುತ್ತಾ ಅನ್ನೋದೇ ನಮ್ಮ ಸಂಶೋಧನೆ. ಯಾವ ಊರಲ್ಲೂ ಜನ ಮುಂದೆ ಬಂದಿರ್ಲಿಲ್ಲ. ಇವತ್ತು ಏಳು ಜನ ಮನೆಗೆ ಬಂದಿದ್ದನ್ನ ಚಿಕ್ಕಹನುಮಕ್ಕ ನನಗೆ ನಗ್ತಾ ಹೇಳಿದ್ರು. ನಾಲ್ಕು ತಾಲ್ಲೂಕಲ್ಲಿ ಮೊದಲ ತರಬೇತಿ ನಿಮ್ಮ ಬೀದಿಗೇ. ಇದೆಲ್ಲ ಶುರುವಾಗಿದ್ದು ನಿಮ್ಮ ಚೀಟಿಯಿಂದ."

ಮೇಷ್ಟ್ರ ಎದೆ ಮತ್ತೆ ಉಬ್ಬಿತು. ಈ ಸಲ ನಿಜವಾಗಿ. "ನನ್ನಿಂದ ಏನಾಗಬೇಕೋ ಹೇಳಿ ಡಾಕ್ಟ್ರೇ, ಮಾಡ್ತೀನಿ!"

"ಮಾಡ್ತೀರಾ? ಕಾಯಿಲೆಯವರ ಹತ್ರ ಕಳಿಸೋ ಮುಂಚೆ ನಿಮ್ಮ ಬೀದಿಯವರು ಆರೋಗ್ಯವಾಗಿರೋ ಒಬ್ಬರ ಮೇಲೆ ಅಭ್ಯಾಸ ಮಾಡಬೇಕು. ಮೂರು ತಿಂಗಳು, ದಿನಾ ಒಂದು ಗಂಟೆ. ಯಾರ ಮನೆಗೆ ಹೋಗ್ತೀರಿ ಅಂತ ಕೇಳಿದ್ದಕ್ಕೆ ಎಲ್ರೂ ನಿಮ್ಮ ಹೆಸರೇ ಹೇಳಿದ್ರು."

ಮಾರನೆಯ ದಿನ ಸ್ಪೆಷಲ್ ಕ್ಲಾಸ್ ಮುಗಿಯುವ ಹೊತ್ತಿಗೆ ಮೇಷ್ಟ್ರ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಪಾಪಕ್ಕ, ಕದಿರಯ್ಯ, ಅವರ ಹಿಂದೆ ಇನ್ನೂ ಐದಾರು ಜನ. ಪಾಪಕ್ಕನ ಕೈಯಲ್ಲಿ ಉಳಿದರ್ಧ ಬಾಟಲಿ ಎಣ್ಣೆ. ಅವಳ ಜೊತೆಗೆ, ಬೇಸಗೆಯ ಸೆಕೆಯಲ್ಲೂ ಶಾಲು ಹೊದ್ದ ಚಿಕ್ಕಹನುಮಕ್ಕ.

"ನೋಡಿ, ನಾನು ನಿಜವಾಗ್ಲೂ ಚೆನ್ನಾಗಿದ್ದೀನಿ," ಎಂದರು ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತು.

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ವರ್ಷ ಎರಡು ತಿಂಗಳ ಮೇಲೆ ಆ ಬೀದಿಯಲ್ಲಿ ಚಿಕ್ಕಹನುಮಕ್ಕನ ದನಿ ಕೇಳಿತು.

"ನಾನೂ ಅಂಗೇ ಅಂತಿದ್ದೆ ಮೇಷ್ಟ್ರೇ. ವಸಿ ಜರುಗಿ, ಒಳಿಕ್ಕೆ ಬತ್ತೀವಿ."